ಎಪ್ಪತ್ತು ಗ್ರಾಂ ಒಲೆ

ಅಕ್ಟೋಬರ್ ೯, ಗುರುವಾರ.

ಸಿಟ್ಟು ಇನ್ನೂ ಇಳಿದಿಲ್ಲ. ಚಾರಣಕ್ಕೆಂದು ಗ್ಯಾಸ್ ಸ್ಟೌ ಕೊಳ್ಳಲು ಹೋದಾಗ ಭಾಮೈದ ಮತ್ತೆ ಅಂಗೈಯಗಲದ್ದನ್ನೇ ಎತ್ತಿಕೊಂಡ. "ಬರೀ ಎಪ್ಪತ್ತು ಗ್ರಾಂ, ಭಾವ! ಜೇಬಲ್ಲಿಟ್ಟರೂ ಗೊತ್ತಾಗಲ್ಲ."

ಹೋದ ವರ್ಷ ಬೆಟ್ಟದ ನೆತ್ತಿಯಲ್ಲಿ ಇಂಥದ್ದೇ ಒಲೆ ಗಾಳಿಗೆ ಆರಿ ಆರಿ ಹೋಗಿ ನೀರು ಕಾಯಲೇ ಇಲ್ಲ. ಇವನ ಅಕ್ಕ, ನನ್ನ ಹೆಂಡತಿ, ಚಳಿಗೆ ಬೆರಳು ಸೆಟೆದು ಹಲ್ಲು ಕಟಕಟಿಸುತ್ತ ಕುಳಿತಿದ್ದಳು. ಒಡಹುಟ್ಟಿದವನಿಗೆ ಅದು ನೆನಪಿಲ್ಲ! ಗಾಳಿಗೆ ಅಡ್ಡ ತಗಡು ಇರುವ ಒಲೆಯೇ ಬೇಕು, ಭಾರವಾದರೆ ಆಗಲಿ ಎಂದು ಅಂಗಡಿಯಲ್ಲೇ ಕೂಗಾಡಿದೆ.

ಮನೆಗೆ ಬಂದು ಹೇಳಿದರೆ ಅವಳು ಬೂಟಿಗೆ ಲೇಸು ಪೋಣಿಸುತ್ತ, "ಅವನನ್ನ ಯಾಕೆ ಬೈದ್ರಿ? ಹೋದ ಸಲ ಅಂಥದ್ದೇ ಬೇಕು ಅಂತ ತಗೊಂಡಿದ್ದು ನೀವೇ ಅಲ್ವಾ?" ಎಂದಳು.

ಹೌದು, ಭಾರ ಹೊತ್ತರೆ ನನ್ನ ಬೆನ್ನು ನೋಯುತ್ತದೆಂದು. ಇಡೀ ವರ್ಷ ಅವಳು ಬಾಯಿ ಬಿಡಲಿಲ್ಲವಲ್ಲ, ಈಗ ಅದಕ್ಕೂ ಸಿಟ್ಟು. ನಾಳೆ ಅವನಿಗೆ ಫೋನ್ ಮಾಡಿ ಏನೆಂದು ಹೇಳಲಿ?