ಹಳೇ ಶಾಲೆಯಲ್ಲಿ ನಮಗೆ ಸಿಗದ ಪಾಯ

ಮಲಪ್ರಭೆಯ ದಂಡೆ
ಇಸವಿ ೨೧೦೭, ಎರಡನೇ ಮಳೆಗಾಲದ ಮೂರನೇ ವಾರ

ಎಂಬತ್ತು ವರ್ಷ ಹಿಂದಿರುವ ಹಿರಿಯರಿಗೆ ಶಮಂತಾ ಹೂಗಾರಳ ನಮಸ್ಕಾರಗಳು.

ನಿಮ್ಮ ಕಾಲದಿಂದ ಇಲ್ಲಿಗೆ ಬರುವಷ್ಟರಲ್ಲಿ ಕನ್ನಡ ಸಾಕಷ್ಟು ಬದಲಾಗಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು.

ಹಳೆಯ ಕಟ್ಟಡಗಳನ್ನು ಕೆಡವದೆ ಹೊಸ ಬಳಕೆಗೆ ಒಗ್ಗಿಸುವುದು ನನ್ನ ಉದ್ಯೋಗ. ನಮ್ಮೂರಿನ ಕಲ್ಲಿನ ಶಾಲೆಯನ್ನು ಈ ವರ್ಷ ‘ಕಲಿಗೆಲಸದ ಮನೆ’ ಮಾಡುತ್ತಿದ್ದೇವೆ. ಏಳು ವರ್ಷದ ಮಗುವೂ ಎಪ್ಪತ್ತರ ಮುದುಕರೂ ಒಂದೇ ಸೂರಿನಡಿ ಕಲಿತು, ಅಲ್ಲೇ ದುಡಿಯುವ ಜಾಗ ಅದು. ಒಂದು ಕೋಣೆಯಲ್ಲಿ ಮಗ್ಗ, ಪಕ್ಕದ್ದರಲ್ಲಿ ಗಣಿತ, ಪಡಸಾಲೆಯಲ್ಲಿ ಯಂತ್ರಗಳ ರಿಪೇರಿ. ಗೋಡೆಗೆಲ್ಲ ‘ತಂಪುಲೇಪ’, ಬಿಸಿಲನ್ನು ಹೊರಗೇ ತಡೆಯುವ ಆ ಸುಣ್ಣವಿಲ್ಲದೆ ನಮ್ಮ ಬೇಸಿಗೆ ಕಳೆಯುವುದಿಲ್ಲ.

ಹೊಸ ಶೌಚಾಲಯವನ್ನು ಹಳೆಯದರ ಪಾಯದ ಮೇಲೇ ಕಟ್ಟೋಣವೆಂದು, ನೀರಿನ ಕೊಳವೆ ಹಾಕುವ ಮೌನೇಶ ಮತ್ತು ನಾನು ಹೆಣ್ಣುಮಕ್ಕಳ ಶೌಚಾಲಯದ ಪಾಯ ಹುಡುಕಿದೆವು. ನಿಮ್ಮ ಕಾಲದ ಕ್ಯಾಮೆರಾ ತಂತಿಗಳು ಸಿಕ್ಕವು. ದಾನಿಗಳ ಹೆಸರು ಕೆತ್ತಿದ ಗ್ರಾನೈಟ್ ಫಲಕ ಸಿಕ್ಕಿತು. ಅಂಗಳವನ್ನೆಲ್ಲ ಅಗೆದರೂ ಪಾಯ ಸಿಗಲಿಲ್ಲ. ಕೊನೆಗೆ, ಅದೇ ಶಾಲೆಯಲ್ಲಿ ಓದಿದ್ದ ತೊಂಬತ್ಮೂರರ ರಕ್ಷಿತಾ ಆಯಿಯನ್ನು ಕರೆತಂದು ಕೇಳಿದೆವು.

“ಹುಡುಕಬ್ಯಾಡ್ರಿ. ಇದ್ರ ಅಲ್ಲ ಸಿಗೂದು?” ಎಂದರು ಆಯಿ.

ಮೌನೇಶ ನಕ್ಕುಬಿಟ್ಟ. “ಆಯಿ, ಚಲೋ ನೆನಪ ಮಾಡ್ಕೋರಿ. ಮುನ್ನೂರು ಹುಡುಗ್ಯಾರು ಕಲತ ಸಾಲಿ ಇದು.”

“ನನಗ ಮರವಿಲ್ಲೋ ತಮ್ಮಾ. ನಮಗಂತ ಇರಲೇ ಇಲ್ಲ. ಹೆಡ್ ಮಾಸ್ತರ ಖೋಲಿ ಒಳಗ ಒಂದಿತ್ತು, ಅದಕ್ಕ ಕೀಲಿ. ತಪಾಸಣಿಗೆ ಸಾಹೇಬ್ರು ಬಂದಾಗ ತೆಗೀತಿದ್ರು. ನಾವು ಮುಂಜಾನೆಯಿಂದ ನೀರೇ ಕುಡೀತಿರಲಿಲ್ಲ. ಸಂಜಿಗೆ ಮನಿ ಮುಟ್ಟೂತನಾ ತಡಕೊಂತಿದ್ವಿ.”

ಮೌನೇಶ ಸಲಿಕೆಯನ್ನು ಗೋಡೆಗೆ ಒರಗಿಸಿದ. ನಾನು ಆಯಿಯ ಪಕ್ಕ ಮೆಟ್ಟಿಲ ಮೇಲೆ ಕುಳಿತೆ. ಕ್ಯಾಮೆರಾ ಇಟ್ಟು ಆ ಮಕ್ಕಳನ್ನು ದಿನವಿಡೀ ನೋಡುತ್ತಿದ್ದವರಿಗೆ ಇದು ಕಾಣಲಿಲ್ಲವೆಂದರೆ ಹೇಗೆ ನಂಬಲಿ?

“ಮುಟ್ಟಾದಾಗ?” ಎಂದು ಕೇಳಿದೆ. ಕೇಳಬಾರದಿತ್ತೇನೋ.

“ನಾನು ಆ ದಿನಾ ಮನ್ಯಾಗ ಇರತಿದ್ದೆ. ನನ್ನ ಗೆಳತಿ ಭಾಗ್ಯಶ್ರೀ ಲೆಕ್ಕದಾಗ ನನಗಿಂತ ಭಾಳ ಶಾಣ್ಯಾಕಿ. ಎಂಟನೇ ಇಯತ್ತೆದಾಗ ದೊಡ್ಡಾಕಿ ಆದ್ಲು. ಒಂದಿನ ಕ್ಲಾಸಿನ್ಯಾಗ ಲಂಗಕ್ಕ ಕಲೆ ಆತು, ಹುಡುಗ್ರು ನಕ್ರು. ಮರುದಿನದಿಂದ ಆಕಿ ಬರಲೇ ಇಲ್ಲ. ಹದಿನೆಂಟು ತುಂಬಿದ ಮ್ಯಾಲ ಮದುವಿ ಮಾಡಿ ಕಳಿಸಿದ್ರು. ಮುಂದ ಏನಾದ್ಲೋ.”

ಆಯಿ ಅಳಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿ, ಮೌನೇಶನ ತೋಳು ಹಿಡಿದು ಮನೆಗೆ ಹೊರಟರು. ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಅದೇ.

ಮರುದಿನ ನಕ್ಷೆ ಬದಲಿಸಿದೆ. ಗಾಳಿ ಬೆಳಕು ಚೆನ್ನಾಗಿರುವ ಮುಂಭಾಗದ ಕಚೇರಿ ಕೋಣೆಯಲ್ಲಿ ಸ್ನಾನ, ಶೌಚಕ್ಕೆ ಜಾಗ ಮಾಡಿದ್ದೇವೆ. ಕಚೇರಿ ಈಗ ಹಿಂದಿನ ಉಗ್ರಾಣದಲ್ಲಿದೆ. ಊರಿನ ಸಭೆಯಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ.

ಆದರೆ ಇದು ನಮ್ಮ ಮಕ್ಕಳಿಗಾಯಿತು. ಆ ಹುಡುಗಿಗೆ ನನ್ನಿಂದ ಏನೂ ಮಾಡಲಾಗದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹಳೆಯ ಶಾಲೆಗೆ ಬಣ್ಣ ಬಳಿಸುವ ಮುನ್ನ, ದಯವಿಟ್ಟು ಒಳಗೆ ಹೋಗಿ ಹೆಣ್ಣುಮಕ್ಕಳನ್ನು ಕೇಳಿ. ತಡಮಾಡಬೇಡಿ. ನಿಮ್ಮಲ್ಲಿ ಭಾಗ್ಯಶ್ರೀ ಇನ್ನೂ ಎಂಟನೇ ತರಗತಿಯಲ್ಲಿದ್ದಾಳೆ. ಇವತ್ತು ಶಾಲೆಗೆ ಬಂದಿದ್ದಾಳೆ.