ಸೀಗಡಿಗೆ ನಾಟದ ಹಾರ್ಮೋನು

ಪ್ರಯೋಗಾಲಯ
ಸೋಮವಾರ, ಬೆಳಿಗ್ಗೆ

ಸೀಗಡಿ ಸಾಕಣೆಯ ಯಜಮಾನರಿಗೆ,

ನಿಮ್ಮ ಪತ್ರ ತಲುಪಿತು. ನಾನು ಮನೆ ಬಿಟ್ಟು ಬಂದಮೇಲೆ ಬದುಕಿದ್ದೇನೋ ಸತ್ತಿದ್ದೇನೋ ಎಂದು ಕೇಳದವರು ಮೊದಲ ಪುಟದ ತುಂಬ ಬೆಲ್ಲ ಸವರಿದ್ದೀರಿ. ನಾನಿಲ್ಲದೆ ಮನೆ ಭಣಗುಟ್ಟುತ್ತಿದೆಯಂತೆ, ಕಿಟಕಿಯ ಬಳಿಯ ನನ್ನ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುವುದಿಲ್ಲವಂತೆ. ಪುಟ ತಿರುಗಿಸಿದರೆ ನಿಜವಾದ ಸಂಗತಿ. ನೀವು ಮಾರಲು ಹೊರಟಿರುವ ಹೆಣ್ಣು ಹಾರ್ಮೋನಿನ ಪುಡಿ ತಿಂದರೆ ಸಿಹಿನೀರಿನ ಸೀಗಡಿ ಹೆಚ್ಚು ಮೊಟ್ಟೆ ಇಡುತ್ತದೆಂದು ನಾನು ಸಹಿ ಹಾಕಿ ಕೊಡಬೇಕು.

ಹಾಕುವುದಿಲ್ಲ.

ಹಾರ್ಮೋನು ಮೈಯೊಳಗೆ ಹೋದರಷ್ಟೇ ಸಾಲದು. ಅದನ್ನು ಹಿಡಿದು ಕೆಲಸಕ್ಕೆ ಹಚ್ಚುವ ಗ್ರಾಹಕ ಜೀವಕೋಶದಲ್ಲಿರಬೇಕು. ನಿಮ್ಮ ಪುಡಿಯಲ್ಲಿರುವುದು ಮನುಷ್ಯರ ಹಾರ್ಮೋನು. ಬೇಸಿಗೆಯಲ್ಲಿ ನೀವು ಪರೀಕ್ಷೆಗೆ ಕಳಿಸಿದ ಸೀಗಡಿಗಳು ನನ್ನ ಮೇಜಿಗೇ ಬಂದವು. ಅಂಡಾಶಯವನ್ನು ತೆಳು ಪದರಗಳಾಗಿ ಕೊಯ್ದು ಹುಡುಕಿದೆ. ಆ ಹಾರ್ಮೋನಿಗೆ ಹೊಂದುವ ಗ್ರಾಹಕ ಎಲ್ಲೂ ಸಿಗಲಿಲ್ಲ. ನಿಮ್ಮಲ್ಲಿ ಮೊಟ್ಟೆ ಹೆಚ್ಚಿದ್ದು ನಿಜವೇ. ಪುಡಿ ತಿಂದವುಗಳ ತೊಟ್ಟಿ ಬಾಯ್ಲರ್ ಕೋಣೆಯ ಗೋಡೆಗೆ ಅಂಟಿಕೊಂಡಿದೆ ಸ್ವಾಮಿ, ನೀರು ಬೆಚ್ಚಗಿದೆ! ನಾನು ಬಟ್ಟೆ ಒಣಗಿಸುತ್ತಿದ್ದ ಗೋಡೆ ಅದು. ಇಲ್ಲಿ ಎರಡೂ ಗುಂಪನ್ನು ಒಂದೇ ಬಿಸಿಯ ನೀರಿನಲ್ಲಿಟ್ಟೆ. ತಿಂದವೂ ತಿನ್ನದವೂ ಒಂದೇ ಸಮ ಮೊಟ್ಟೆಯಿಟ್ಟವು. ಆ ಗ್ರಾಹಕ ಇರುವುದು ಬರಿಗೈಯಲ್ಲಿ ಪುಡಿ ಕಲಸುವ ನಿಮ್ಮ ಕೆಲಸದ ಹೆಂಗಸರ ಮೈಯಲ್ಲಿ. ಅವರಲ್ಲೊಬ್ಬಳು ಬಸುರಿ ಎಂದು ನಿಮಗೆ ಗೊತ್ತೇ?

ಇವತ್ತು ಬೆಳಗಾಗುತ್ತಲೇ ನಿಮ್ಮ ತಾಯಿ ಫೋನು ಮಾಡಿ, ಅವನು ಸೊರಗಿಹೋಗಿದಾನೆ ಕಣಮ್ಮಾ, ಒಂದು ಸಹಿ ತಾನೇ, ಹಾಕ್ಬಿಡು ಅಂದರು. ಸೊರಗಿದ್ರೆ ಊಟ ಹಾಕಿ ಅತ್ತೆ, ಸಹಿ ಯಾಕೆ ಅಂದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಮುಂದೆ ಬಿಟ್ಟು ಹಿಂದೆ ನಿಂತ ನಿಮ್ಮನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಪುಡಿ ಕಲಸುವುದನ್ನು ಇಂದೇ ನಿಲ್ಲಿಸಿ. ಇಲ್ಲದಿದ್ದರೆ ಸಾಕಣೆದಾರರ ಸಭೆಯಲ್ಲಿ ಈ ಫಲಿತಾಂಶವನ್ನು ನಾನೇ ಎದ್ದು ಓದುತ್ತೇನೆ. ನನಗೆ ಮತ್ತೆ ಪತ್ರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ.

ಇತಿ,
ಸಹಿ ಬೇಕಾದಾಗ ಮಾತ್ರ ನೆನಪಾಗುವ ಹೆಂಡತಿ

ಇನ್ನೊಂದು ಮಾತು. ನಿನ್ನ ಪತ್ರದ ಎರಡನೆಯ ಪುಟವನ್ನು ದಾರಿಯಲ್ಲಿ ಓದೋಣವೆಂದು ಉಳಿಸಿಕೊಂಡಿದ್ದೆ. ನಿನ್ನೆ ಬಟ್ಟೆಬರೆ ತುಂಬಿಕೊಂಡು, ಬಾಡಿಗೆ ಕೋಣೆಯ ಬೀಗದ ಕೈ ಹಿಂದಿರುಗಿಸಿ, ನಿನ್ನ ಊರಿನ ಬಸ್ಸಿನಲ್ಲಿ ಕೂತಿದ್ದೆ. ಓದಿ ಇಳಿದೆ.