ಬೋಜಣ್ಣನ ಮಾನಪತ್ರ

ಫೆಬ್ರವರಿ 3, 2008. ಭಾನುವಾರ

ಎಂದಿನಂತೆ ಏಳೂವರೆಗೆ ಗಲ್ಫಿನ ಈ ರೂವಿ ಆಫೀಸು. ಲೇಬರ್ ಕಾರ್ಡುಗಳ ಫೈಲು, ಚಹಾ, ಮತ್ತೆ ಫೈಲು. ಹನ್ನೊಂದಕ್ಕೆ ಬಾಸ್ ಬೋಜಣ್ಣ ಕರೆದರು. ಊರಿನಲ್ಲಿ ಎಲೆಕ್ಷನ್ ಹತ್ತಿರ. ಪಕ್ಷದ ಫಂಡಿಗೆ ದೊಡ್ಡ ಚೆಕ್ ಕಳಿಸಿದ್ದಾರೆ. ಅದಕ್ಕೆ ಪಕ್ಷದವರ ಟ್ರಸ್ಟಿನಿಂದ ಬಿರುದು — ‘ಕಡಲಾಚೆಯ ರತ್ನ’. ಸಮಾರಂಭ ಇಲ್ಲೇ, ನಮ್ಮ ಕನ್ನಡ ಸಂಘದಲ್ಲಿ. ಮಾನಪತ್ರ ನಾನು ಬರೆಯಬೇಕು. ನಮ್ಮ ಓಣಿಯಲ್ಲಿ ಸೆರೆ ತಂದವನೂ ಬಾಟಲಿಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಬರುತ್ತಾನೆ. ಇವರಿಗೆ ಅಷ್ಟೂ ಸಂಕೋಚವಿಲ್ಲ.

ಆಡಿಟಿಗೆ ಬಂದ ಇಂಗ್ಲೆಂಡಿನವನು ಹೇಳಿದ್ದ — ಅವರಲ್ಲಿ ಬಿರುದು ಮಾರುವುದು ಅಪರಾಧ, 1925ರಿಂದಲೇ ಕಾನೂನಿದೆ. ಬಾಯಿ ತಡೆಯದೆ ಬಾಸ್‌ಗೆ ಹೇಳಿದೆ.

“ಅದು ಅಲ್ಲಿಯ ಕಾನೂನು ಮಾರಾಯ್ರೆ. ನಮ್ಮಲ್ಲಿ ಇಲ್ಲವಲ್ಲ? ನೀವು ಬರೀರಿ.”

ಕಾನೂನು ಇಲ್ಲದ ಕಡೆ ನಾಚಿಕೆಯೂ ಬೇಡವಂತೆ.

ಫೆಬ್ರವರಿ 6, ಬುಧವಾರ

ಮಾನಪತ್ರಕ್ಕೆ ಸಾಧನೆ ಬೇಕು. ಇವರ ಸಾಧನೆ... ಎಂಟು ಜನರ ರೂಮಿನಲ್ಲಿ ಹದಿನಾರು ಕೂಲಿಗಳನ್ನು ಮಲಗಿಸಿದ್ದು. ಬರೆಯಲಾ? ಬಾಸೇ ದಾರಿ ತೋರಿಸಿದರು.

“ಬೊನಿಫಾಸ್ ಮಾಡ್ತಾನಲ್ಲ, ಹೆಣ ಊರಿಗೆ ಕಳಿಸುವ ಕೆಲಸ. ಅದನ್ನೇ ನನ್ನ ಹೆಸರಿಗೆ ಹಾಕಿ. ಕೇಳ್ಲಿಕ್ಕೆ ಚಂದ ಉಂಟು.”

ಬೊನಿಫಾಸ್ — ಅಲ್ ಖೌದ್‌ನಲ್ಲಿ ಜೆರಾಕ್ಸ್ ಅಂಗಡಿ. ಇಲ್ಲಿ ಸತ್ತ ಕೂಲಿಗಳ ಕಾಗದಪತ್ರಕ್ಕಾಗಿ ಹನ್ನೆರಡು ವರ್ಷದಿಂದ ಎಂಬಸಿ, ಪೊಲೀಸ್, ಏರ್‌ಪೋರ್ಟ್ ಎಂದು ಅಲೆಯುವವರು. ಯಾರಿಂದಲೂ ಒಂದು ಕಾಸೂ ಪಡೆದವರಲ್ಲ.

ಬರೆದೆ. ಮುಂದಿನ ತಿಂಗಳು ನನ್ನ ವೀಸಾ ರಿನ್ಯೂವಲ್, ಅದಕ್ಕೆ ಬಾಸ್ ಸಹಿ ಬೇಕು. ಅಂಥಾ ಗಂಡಸು ನಾನು.

ಫೆಬ್ರವರಿ 22, ಶುಕ್ರವಾರ. ಮಧ್ಯಾಹ್ನ 3

ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಪೇಟ ಬೋಜಣ್ಣನ ತಲೆಗೆ ಚಿಕ್ಕದು. ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಮಾನಪತ್ರ ಬರೆದವನೇ ಓದಬೇಕೆಂಬುದು ನಮ್ಮ ಸಂಘದ ಪದ್ಧತಿ. ಓದಿದೆ. ‘ಅನಾಥ ಶವಗಳಿಗೆ ಬಂಧುವಾದ ಮಹನೀಯರೇ’... ಸಭೆಯ ಮೂರನೇ ಸಾಲಿನಲ್ಲಿ ಬೊನಿಫಾಸ್ ಕೂತಿದ್ದರು. ತಮ್ಮ ಹನ್ನೆರಡು ವರ್ಷಗಳನ್ನು ಕೈಕಟ್ಟಿ ಕೇಳಿದರು. ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ನನ್ನ ದನಿ ನನಗೇ ಅಸಹ್ಯವಾಯಿತು.

ಮಾರ್ಚ್ 19, ಬುಧವಾರ

ವೀಸಾ ರಿನ್ಯೂ ಆಯಿತು. ಮಾನಪತ್ರ ಊರಿನ ಪೇಪರಿನಲ್ಲಿ ಜಾಹೀರಾತಾಗಿ ಬಂದಿದೆ — ಫೋಟೋ, ಆಫೀಸಿನ ಫೋನ್ ನಂಬರ್ ಸಮೇತ.

ಬೆಳಿಗ್ಗೆ ಊರಿನಿಂದ ಫೋನ್. ಹೊನ್ನವ್ವ ಎಂಬ ಹೆಣ್ಣುಮಗಳು, ನಮ್ಮ ಕಡೆಯ ಮಾತು.

“ರತ್ನ ಸಾಹೇಬ್ರು ಅದಾರೇನ್ರಿ? ನನ್ನ ಗಂಡ ಅಲ್ಲಿ ಸಹಮ್ ಊರಾಗ ತೀರ್ಕೊಂಡು ಒಂಬತ್ತು ದಿನ ಆತ್ರಿ. ಹೆಣಾ ಬಂದಿಲ್ರಿ. ಸಾಹೇಬ್ರು ಕಳಸ್ತಾರಂತ ಪೇಪರ್‌ನ್ಯಾಗ ಓದಿಸ್ಕೊಂಡೇನ್ರಿ.”

ಬೋಜಣ್ಣ ಕೈ ಆಡಿಸಿದರು. “ಖಲಾಸ್, ನಾನಿಲ್ಲ ಅಂತ ಹೇಳಿ. ಇಂಥದ್ದಕ್ಕೆಲ್ಲ ಯಾರು ಸುತ್ತುವುದು?”

ರತ್ನವಂತೆ. ಥೂ.

ಬೊನಿಫಾಸ್ ಅವರಿಗೆ ಫೋನ್ ಮಾಡಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಸತ್ತವನ ಹೆಸರು ಕೇಳಿದರು, ಶವ ಯಾವ ಆಸ್ಪತ್ರೆಯಲ್ಲಿದೆ ಎಂದು ಕೇಳಿದರು. ಮಧ್ಯಾಹ್ನವೇ ಸಹಮ್‌ಗೆ ಹೊರಡುತ್ತಾರಂತೆ. ಹೊನ್ನವ್ವನ ನಂಬರ್ ಬರೆದುಕೊಂಡ ಮೇಲೆ ಒಂದು ಮಾತು ಕೇಳಿದರು.

“ಶಿವಶರಣರೇ, ಆ ಹೆಂಗಸು ನಿಮ್ಮ ಪತ್ರ ನಂಬಿ ಕೂತಿದ್ದಾರೆ. ನಾನು ಯಾರು ಅಂತ ಹೇಳ್ಬೇಕು ಅವರಿಗೆ?”

“ಆ ಪತ್ರ ಸುಳ್ಳು ಅಂತ ನಾನೇ ಹೇಳ್ತೇನ್ರಿ” ಎಂದು ಫೋನಿಟ್ಟು ಹೊನ್ನವ್ವನ ನಂಬರ್ ಒತ್ತಿದೆ.